ಎಣ್ಣೆ ಸೋಸಿ ಸುಳಿವು ಕಳೆದುಕೊಂಡೆವು

ಆಗಿನ್ನೂ ನನಗೆ, ಎಣ್ಣೆ ಎಷ್ಟು ವೋಲ್ಟೇಜ್ ತಡೆದೀತೆಂದು ನೋಡುವ ಬಿಡಿವಿ ಪರೀಕ್ಷೆಯ ಮೇಲೆ ಬಲು ನಂಬಿಕೆ. ಸ್ಟೇಷನ್ನಿನ ಹಳೇ 66/11 ಕೆವಿ ಟ್ರಾನ್ಸ್‌ಫಾರ್ಮರ್‌ನ ಎಣ್ಣೆ 2.5 ಮಿ.ಮೀ. ಅಂತರದಲ್ಲಿ 60 ಕೆವಿ ತಡೆಯುತ್ತಿತ್ತು. ಒಳಗೆ ಅನಿಲ ಸೇರಿದರೆ ಎಚ್ಚರಿಸುವ ಬುಕೋಲ್ಜ್ ರಿಲೇ ತೆಪ್ಪಗಿತ್ತು. ಇನ್ನೇನು ಬೇಕು? ಆದರೆ ಆ ವರ್ಷದ ಡಿಜಿಎ ವರದಿಯಲ್ಲಿ, ಅಂದರೆ ಎಣ್ಣೆಯಲ್ಲಿ ಕರಗಿದ ಅನಿಲಗಳ ಪರೀಕ್ಷೆಯಲ್ಲಿ, ಎಥಿಲೀನ್ ಏರಿತ್ತು, ಜೊತೆಗೆ ಮೀಥೇನ್. ಅಸಿಟಿಲೀನ್ ಮಾತ್ರ ಲೆಕ್ಕಕ್ಕಿಲ್ಲದಷ್ಟು.

ಬಿಡಿವಿ ಹೇಳುವುದು ಮುಖ್ಯವಾಗಿ ಎಣ್ಣೆಯಲ್ಲಿನ ನೀರು, ಕಸದ ಕಥೆ. ಒಳಗೆಲ್ಲೋ ಲೋಹ ಕಾದು ಎಣ್ಣೆ ಬೇಯುತ್ತಿದ್ದರೆ ಆ ಕರಗಿದ ಅನಿಲ ಅದಕ್ಕೆ ಕಾಣುವುದಿಲ್ಲ. ಬುಕೋಲ್ಜ್ ಕೂಗುವುದೂ ಅಷ್ಟೇ, ಎಣ್ಣೆ ಅರಗಿಸಿಕೊಳ್ಳಲಾರದ ಅನಿಲ ಗುಳ್ಳೆಯಾಗಿ ಮೇಲೆ ಬಂದ ಮೇಲೆ. ಹೈಡ್ರೋಜನ್ನೇ ಮುಂದಿದ್ದರೆ ಪಾರ್ಷಿಯಲ್ ಡಿಸ್ಚಾರ್ಜ್ (ನಿರೋಧಕದಲ್ಲಿ ಸಣ್ಣ ಕಿಡಿ) ಅನುಮಾನ, ಅಸಿಟಿಲೀನ್ ಏರಿದರೆ ಆರ್ಕಿಂಗ್ (ದೊಡ್ಡ ಕಿಡಿ). ನಮ್ಮ ಮೀಥೇನ್, ಎಥಿಲೀನ್, ಅಸಿಟಿಲೀನ್ ಮೂರರ ಪಾಲನ್ನು ಡುವಾಲ್ ತ್ರಿಕೋನ ಎಂಬ ದೋಷ ಪತ್ತೆಯ ನಕ್ಷೆಯಲ್ಲಿ ಗುರುತಿಸಿದರೆ ಎಥಿಲೀನ್ ಅರ್ಧಕ್ಕಿಂತ ಹೆಚ್ಚು. ಚುಕ್ಕಿ ಹೋಗಿ ಟಿ3 ವಲಯದಲ್ಲಿ ಕೂತಿತು, ಅಂದರೆ 700 ಡಿಗ್ರಿ ದಾಟಿದ ಬಿಸಿ.

ನಾವು ಮಾಡಿದ್ದೇನು? ಫಿಲ್ಟರ್ ಮಷಿನ್ ತರಿಸಿ ಎಣ್ಣೆ ಸೋಸಿದೆವು. ನಿರ್ವಾತಕ್ಕೆ ಸಿಕ್ಕಿ ಅನಿಲ ಹೋಯಿತು, ಮುಂದಿನ ವರದಿ ಶುದ್ಧವಾಗಿ ಬಂತು. ಒಲೆ ಆರಿಸದೆ ಹೊಗೆ ಓಡಿಸಿದ ಹಾಗೆ. ಸೋಸೋಣ ಎಂದವರಲ್ಲಿ ನಾನೂ ಒಬ್ಬ.

ಕೆಲವೇ ವಾರಗಳಲ್ಲಿ ಎಥಿಲೀನ್ ಮತ್ತೆ ಹಾಜರ್. ವೈಂಡಿಂಗ್ (ತಂತಿ ಸುರುಳಿ) ಕಾಗದದಲ್ಲಿ ಅಡಗಿದ್ದ ಹಳೇ ಅನಿಲ ಎಣ್ಣೆಗೆ ಮರಳಿ ಇಳಿಯುತ್ತದೆ, ಅದು ನಿಜ. ಆದರೆ ಅದು ಸ್ವಲ್ಪ ಏರಿ ನಿಲ್ಲಬೇಕು. ನಮ್ಮದು ನಿಲ್ಲಲಿಲ್ಲ. ಸ್ಯಾಂಪಲ್ ತೆಗೆದದ್ದೇ ತಪ್ಪೇನೋ ಎಂದು ಮತ್ತೊಮ್ಮೆ ನಾನೇ ಹೋದೆ. ವಾಲ್ವಿನಲ್ಲಿ ನಿಂತ ಎಣ್ಣೆ ಹೊರಬಿಟ್ಟು, ಗಾಜಿನ ಸಿರಿಂಜನ್ನು ಅದೇ ಎಣ್ಣೆಯಲ್ಲಿ ತೊಳೆದು, ಒಂದು ಗುಳ್ಳೆಯೂ ಇಲ್ಲದಂತೆ ತುಂಬಿ, ಬೆಳಕು ಬೀಳದಂತೆ ಸುತ್ತಿ ಕಳಿಸಿದೆ. ಉತ್ತರ ಅದೇ.

ಕೊನೆಗೆ ಎಲ್‌ಸಿ, ಅಂದರೆ ಲೈನ್ ಬಂದ್ ಮಾಡಿ ಕೆಲಸ ಮಾಡುವ ಅನುಮತಿ, ಸಿಕ್ಕಿತು. ಹಿರಿಯ ಮೇಸ್ತ್ರಿಯೊಬ್ಬರು ವೋಲ್ಟೇಜ್ ಹೊಂದಿಸುವ ಟ್ಯಾಪ್ ಸ್ವಿಚ್ಚಿನ ಹಿಡಿಕೆಗೆ ಕೈ ಹಾಕಹೊರಟ ನನ್ನನ್ನು ತಡೆದರು. ಓಡುತ್ತಿದ್ದ ಟ್ಯಾಪ್‌ನಲ್ಲೇ ಮೊದಲು ವೈಂಡಿಂಗ್ ರೆಸಿಸ್ಟೆನ್ಸ್ ಅಳೆಯಬೇಕು. ತಿರುಗಿಸಿದರೆ ಕಾಂಟ್ಯಾಕ್ಟ್ ಉಜ್ಜಿಕೊಂಡು ಸಾಕ್ಷಿ ಅಳಿಸಬಹುದು. ಒಮ್ಮೆ ಸೋಸಿ ಅಳಿಸಿದ್ದು ಸಾಲದಿತ್ತೇ!

ಅಳೆದರೆ ಮೂರು ಫೇಸ್‌ಗಳಲ್ಲಿ ವೈ ಫೇಸ್ ಮಾತ್ರ ಹೆಚ್ಚು, ಅದೂ ಆ ಟ್ಯಾಪ್ ಒಂದರಲ್ಲೇ. ಎಲ್ಲ ಟ್ಯಾಪ್‌ಗಳಲ್ಲೂ ಹೆಚ್ಚಿದ್ದರೆ ತಂತಿ ಹೊರಬರುವ ಬುಶಿಂಗ್ ಲೀಡಿನ ಜಾಯಿಂಟ್ ಹುಡುಕಬೇಕಿತ್ತು. ಟ್ಯಾಪ್ ಸ್ವಿಚ್ ತೆರೆದಾಗ ಕಾಂಟ್ಯಾಕ್ಟ್ ಮೇಲೆ ಎಣ್ಣೆ ಸುಟ್ಟು ಕಟ್ಟಿದ ಕಪ್ಪು ಕಿಟ್ಟ. ವೋಲ್ಟೇಜ್ ಸರಿಯಾಗಿದೆಯಲ್ಲ ಎಂದು ವರ್ಷಗಳಿಂದ ಯಾರೂ ಆ ಹಿಡಿಕೆ ಮುಟ್ಟಿರಲಿಲ್ಲ.