ಎಲ್ಲರ ಕಷ್ಟ ಕೇಳುವವರು ಹತ್ತೂವರೆಗೆ ಫೋನ್ ಇಡಬೇಕು

ಪಿಜಿಯಲ್ಲಿ, ಆಫೀಸಿನಲ್ಲಿ, ನೆಂಟರಲ್ಲಿ ಎಲ್ಲರೂ ಕಷ್ಟ ಹೇಳಿಕೊಳ್ಳಲು ಹುಡುಕಿಕೊಂಡು ಬರುವ ಒಬ್ಬರು ಇದ್ದೇ ಇರುತ್ತಾರೆ. ರಾತ್ರಿ ಹನ್ನೊಂದಕ್ಕೆ ಶುರುವಾದ ಫೋನು ಒಂದೂವರೆಗೆ ಮುಗಿಯುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದು, ಒಂದು ದಿನ ಇವರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಆ ಕಡೆಯವರಿಗೆ ಕಾರಣ ತಿಳಿಯದೆ, ತಾನು ಎಲ್ಲರಿಗೂ ಭಾರ ಅನ್ನುವ ಭಾವನೆ ಇನ್ನಷ್ಟು ಗಟ್ಟಿಯಾಗುತ್ತದೆ. ಮೊದಲೇ ಮಿತಿ ಹೇಳಿದ್ದರೆ ಆಗುತ್ತಿದ್ದ ಬೇಸರ ಇದರ ಮುಂದೆ ಏನೂ ಅಲ್ಲ.

ಆದರೆ ಅವರು ಅಳುತ್ತಿರುವಾಗ ಈ ಮಾತು ತೆಗೆಯಬೇಡಿ. ಸಮಾಧಾನವಾಗಿರುವ ಒಂದು ಹಗಲು ನೋಡಿ ಹೇಳಿ: "ಹತ್ತೂವರೆ ಆದ್ಮೇಲೆ ನನ್ನ ಕೈಲಿ ಸರಿಯಾಗಿ ಕೇಳಿಸ್ಕೊಳ್ಳೋಕೆ ಆಗಲ್ಲ ಕಣೇ. ಮಂಗಳವಾರ, ಶುಕ್ರವಾರ ಸಂಜೆ ಏಳಕ್ಕೆ ನಾನೇ ಮಾಡ್ತೀನಿ, ಅರ್ಧ ಗಂಟೆ ಮಾತಾಡೋಣ." ಯಾವಾಗ ಆಗಲ್ಲ ಅನ್ನುವುದರ ಜೊತೆಗೇ ಯಾವಾಗ ಆಗುತ್ತೆ ಅನ್ನುವುದೂ ಬರಬೇಕು. ಹೇಳಿದ ಹೊತ್ತಿಗೆ ತಪ್ಪದೆ ಮಾಡಿ; ಎರಡು ಸಲ ತಪ್ಪಿದರೆ ಮತ್ತೆ ನಡುರಾತ್ರಿ ಫೋನು ಶುರು. ಇಪ್ಪತ್ತೈದನೇ ನಿಮಿಷಕ್ಕೆ "ಇನ್ನೈದು ನಿಮಿಷ ಇದೆ, ಇವತ್ತು ರಾತ್ರಿ ಊಟಕ್ಕೆ ಏನ್ ಮಾಡ್ತೀಯ?" ಅಂತ ಕೇಳಿ. ಮಾತು ತಾನಾಗಿ ಊಟ, ನಿದ್ದೆಯ ಕಡೆ ಇಳಿಯುತ್ತದೆ, ತಟ್ಟನೆ ಕತ್ತರಿಸಿದಂತೆ ಆಗುವುದಿಲ್ಲ. ರಾತ್ರಿಗೆ ಬೇಕಾದರೆ ಇರಲೆಂದು ಅವರ ಫೋನಿನಲ್ಲಿ ಇನ್ನೊಬ್ಬ ಆಪ್ತರ ನಂಬರನ್ನೂ ಮಾನಸಿಕ ಆರೋಗ್ಯ ಸಹಾಯವಾಣಿ 14416 ಅನ್ನೂ ಅವತ್ತೇ ಸೇವ್ ಮಾಡಿಸಿ.

ಸಾಯುವ ಮಾತು ಬಂದರೆ ಮಾತ್ರ ಹೊತ್ತಿನ ಲೆಕ್ಕ ಬಿಡಿ. ಸುತ್ತಿ ಬಳಸದೆ "ಸಾಯಬೇಕು ಅನ್ನಿಸ್ತಿದೆಯಾ?" ಅಂತಲೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಕ್ರಿಮಿನಾಶಕ ಕೈಗೆ ಸಿಗದಂತೆ ತೆಗೆಸಿ. ಅಪಾಯ ಎದುರಿಗೇ ಇದ್ದರೆ 112ಕ್ಕೆ ಫೋನ್ ಮಾಡಿ. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು" ಅಂದರೆ ಆಣೆ ಮಾಡಲೇಬೇಡಿ. "ನಿನ್ನ ಜೀವದ ವಿಷಯ ಆದ್ರೆ ಒಬ್ಬರಿಗಾದ್ರೂ ಹೇಳೇ ಹೇಳ್ತೀನಿ. ಯಾರಿಗೆ ಹೇಳ್ಲಿ, ನೀನೇ ಹೇಳು" ಅನ್ನಿ. ಅಕ್ಕನೋ, ಸೋದರಮಾವನೋ, ಒಂದು ಹೆಸರು ಹೆಚ್ಚಾಗಿ ಬಂದೇ ಬರುತ್ತದೆ.

ಇನ್ನು ನಿಮ್ಮ ವಿಷಯ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ಗೆ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಮೇಲೆ ಹೇಳಿದ 14416 ಅದರದೇ ನಂಬರು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದು ರೋಗಿಗಳಿಗೆ ಮಾತ್ರ ಅಂತ ಎಷ್ಟೋ ಜನ ಸುಮ್ಮನಿರುತ್ತಾರೆ. "ನನ್ನ ಗೆಳತಿಗೆ ಹೀಗಾಗಿದೆ, ನನಗೇ ನಿದ್ದೆ ಬರ್ತಿಲ್ಲ" ಅಂದರೆ ಸಾಕು. ಆಪ್ತರೊಬ್ಬರ ಹತ್ತಿರ ಹಗುರಾಗಬೇಕಿದ್ದರೆ ಅದೇ ಬಳಗದವರನ್ನು ಬಿಟ್ಟು ಹೊರಗಿನವರನ್ನು ಹುಡುಕಿ. ಹೆಸರು, ಊರು ತೆಗೆಯದೆ ನಿಮಗೆ ಏನಾಗುತ್ತಿದೆ ಅನ್ನುವುದನ್ನಷ್ಟೇ ಹೇಳಿ.

ರಿಂಗಾದರೆ ಎದೆ ಧಸಕ್ಕೆನ್ನುವುದು, ಮನೆಯವರ ಮೇಲೆ ಸಿಡುಕು, ಊಟ ಸೇರದಿರುವುದು ಎರಡು ವಾರ ದಾಟಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಆ ಸಂಜೆಯ ಫೋನನ್ನು ಬೇರೆಯವರು ಮಾಡುವಂತೆ ಏರ್ಪಾಡು ಮಾಡಿ, ಯಾರು ಮಾಡುತ್ತಾರೆ ಅಂತ ಗೆಳತಿಗೆ ಮೊದಲೇ ತಿಳಿಸಿ.