ಕೂರು ಅಂದರೆ ಕೂರದ ಕೆಂಚ

ಸಾಗರದ ಕಡೆ ತೋಟದ ಮನೆಗಳಲ್ಲಿ ನಾಯಿ ಸಾಕುವುದು ಮುದ್ದಿಗಲ್ಲ, ಮಂಗಕ್ಕೆ. ಬಾಳೆಗೊನೆ, ಎಳೆ ಅಡಿಕೆ, ಏಲಕ್ಕಿ, ಕೊನೆಗೆ ಹಿತ್ತಲಿನ ದಾಸವಾಳದ ಮೊಗ್ಗನ್ನೂ ಬಿಡದ ಹಿಂಡು ಬಂದರೆ ಮೊದಲು ಓಡಬೇಕಾದ್ದು ನಾಯಿ. ಅದರ ಹಿಂದೆ ಗರ್ನಾಲು ಹಿಡಿದು ಮನೆಯ ಗಂಡಸರು. ಅಕ್ಕನ ಮನೆಯ ಕೆಂಚ ಈ ಕೆಲಸದಲ್ಲಿ ಸುತ್ತಲ ನಾಲ್ಕು ಮನೆಗೂ ಹೆಸರಾದವನು. ಕೆಂಪು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧ ಮಡಚಿದ್ದು. ಜಾತಿನಾಯಿ ಅಲ್ಲ, ಅಪ್ಪಟ ಊರುನಾಯಿ. ಗರ್ನಾಲು ಢಂ ಅಂದರೆ ಬೇರೆ ನಾಯಿಗಳು ಕೊಟ್ಟಿಗೆ ಸೇರುತ್ತಿದ್ದವು. ಇವನು ಹೊಗೆ ಕಂಡ ಕಡೆಗೇ ಓಡುತ್ತಿದ್ದ.

ಅಂಥವನ ಮೇಲೆ ಮಳೆಗಾಲ ಮುಗಿಯುವ ಹೊತ್ತಿಗೆ ದೂರು ಶುರುವಾಯಿತು. ಅಕ್ಕ ಫೋನಿನಲ್ಲಿ ಒಂದೊಂದಾಗಿ ಹೇಳುತ್ತಿದ್ದಳು. ಮಂಗ ಬಂದರೆ ಜಗಲಿಯಿಂದಲೇ ಬೊಗಳುತ್ತಾನೆ, ಏಳುವುದಿಲ್ಲ. ಗರ್ನಾಲಿನ ಸದ್ದಾದರೆ ಬಚ್ಚಲೊಲೆಯ ಪಕ್ಕ ಸೌದೆ ರಾಶಿಯ ಹಿಂದೆ ಹೋಗಿ ಅಡಗುತ್ತಾನೆ. ಪುಟ್ಟ ತಬ್ಬಿಕೊಳ್ಳಲು ಹೋದರೆ ಗುರ್ ಅಂದ. ಇದು ಮಾತ್ರ ಮನೆಯವರಿಗೆ ಸಹಿಸಲಾಗಲಿಲ್ಲ. ಐದು ವರ್ಷದ ಮಗು, ಹುಟ್ಟಿದಾಗಿನಿಂದ ಅವನ ಮೈಮೇಲೇ ಉರುಳಾಡಿಕೊಂಡು ಬೆಳೆದದ್ದು.

"ಊಟ ಮಾಡ್ತಾನಾ?" ಅಂತ ಕೇಳಿದೆ.

"ಅದಕ್ಕೇನೂ ಕಮ್ಮಿ ಇಲ್ಲ. ತಟ್ಟೆ ತೊಳೆಯೋದೇ ಬೇಡ, ಹಾಗೆ ನೆಕ್ಕಿ ಇಡ್ತಾನೆ. ನಿಮ್ಮ ಭಾವ ಹೇಳೋದು ಸೊಕ್ಕು ಅಂತ."

ಉಣ್ಣುತ್ತಿದೆ ಅಂದರೆ ಆರಾಮಾಗಿದೆ ಅನ್ನುವ ನಂಬಿಕೆ ನಮ್ಮಲ್ಲಿ ಎಲ್ಲರಿಗೂ ಇದೆ. ನನಗೆ ಅದು ಹೋಗಿ ಬಹಳ ಕಾಲವಾಯಿತು. ಶಿವಮೊಗ್ಗದಲ್ಲಿ ಬಿಡುವಿದ್ದಾಗ ನಾನು ಬೀದಿನಾಯಿಗಳ ಸಂತಾನಹರಣ ಆಪರೇಷನ್ ಆದ ಮೇಲಿನ ಆರೈಕೆಗೆ ಹೋಗುತ್ತೇನೆ. ಬೆಳಿಗ್ಗೆ ಹೊಟ್ಟೆ ಕೊಯ್ಸಿಕೊಂಡ ಹೆಣ್ಣುನಾಯಿ ಸಂಜೆಗೆ ಎದ್ದು ಬಾಲ ಆಡಿಸುತ್ತದೆ, ಅನ್ನ ಹಾಕಿದರೆ ತಿನ್ನುತ್ತದೆ. ನೋವಿಲ್ಲ ಅಂತಲ್ಲ. ಬೋನಿನ ಮೂಲೆಗೆ ಬೆನ್ನು ಕೊಟ್ಟು, ಮಲಗಲೂ ಆಗದೆ ನಿಲ್ಲಲೂ ಆಗದೆ ತೂಕಡಿಸುವುದನ್ನು ನೋಡಿದರೆ ಗೊತ್ತಾಗುತ್ತೆ. ನಾಯಿ ಕುಯ್ಯೋ ಅನ್ನುವುದು ನೋವು ಹಠಾತ್ತಾಗಿ ಬಂದಾಗ, ಯಾರೋ ಬಾಲ ತುಳಿದಾಗ. ದಿನವೂ ಇರುವ ನೋವಿಗೆ ಅದು ಸದ್ದು ಮಾಡುವುದು ಅಪರೂಪ.

ದೀಪಾವಳಿಗೆ ಮುಂಚೆ ರಜೆ ಹಾಕಿ ಹೊರಟೆ. ಅಷ್ಟರಲ್ಲಿ ಭಾವ ಪೇಟೆಯಿಂದ ಟ್ರೇನರ್ ಒಬ್ಬರನ್ನು ಕರೆಸಿದ್ದರು. ನಾನು ಅಂಗಳಕ್ಕೆ ಕಾಲಿಟ್ಟಾಗ ಪಾಠ ನಡೆಯುತ್ತಿತ್ತು. ಕೆಂಚನ ಕೊರಳಿಗೆ ಎಳೆದರೆ ಬಿಗಿಯುವ ಸರಪಳಿ. ಟ್ರೇನರ್ ಕೆಟ್ಟ ಮನುಷ್ಯನೇನಲ್ಲ, ಕಲಿತದ್ದು ಹಾಗೆ. "ಇದು ತಾನೇ ಈ ಮನೆ ಯಜಮಾನ ಅಂದ್ಕೊಂಡಿದೆ ಸರ್. ತೋಳದ ಗುಂಪಲ್ಲಿ ಒಬ್ಬ ಲೀಡರ್ ಇರ್ತಾನಲ್ಲ, ಹಾಗೆ. ಆ ಜಾಗ ನೀವು ವಾಪಸ್ ತಗೋಬೇಕು" ಅಂತ ಭಾವನಿಗೆ ವಿವರಿಸುತ್ತಿದ್ದರು. ಈ ಮಾತು ಎಷ್ಟು ಹಳೆಯದು ಅಂದರೆ, ಅದನ್ನು 1970ರ ಸುಮಾರಿಗೆ ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿ ಬರೆದರು. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ, ಪಟ್ಟಕ್ಕಾಗಿ ಹೊಡೆದಾಡುವ ಸೈನ್ಯವಲ್ಲ ಅಂತ. ಆ ತಿದ್ದುಪಡಿ ಇನ್ನೂ ಅಂಗಳಗಳಿಗೆ ಬಂದಿಲ್ಲ.

"ಕೂರು" ಅಂದರು ಟ್ರೇನರ್.

ಕೆಂಚ ಆಕಳಿಸಿದ. ನಾಲಿಗೆಯ ತುದಿ ಹೊರಬಂದು ಮೂಗನ್ನು ಸವರಿ ಒಳಗೆ ಹೋಯಿತು. ತಲೆ ಪಕ್ಕಕ್ಕೆ ತಿರುಗಿತು, ಕಣ್ಣು ಮಾತ್ರ ಟ್ರೇನರ್ ಕೈಯ ಮೇಲೇ ಇತ್ತು. ಹಾಗಾಗಿ ಕಣ್ಣಂಚಿನ ಬಿಳಿ ಅರ್ಧಚಂದ್ರವಾಗಿ ಕಾಣುತ್ತಿತ್ತು. ಮುಂಗಾಲೊಂದು ನೆಲದಿಂದ ಸ್ವಲ್ಪ ಎದ್ದಿತ್ತು. ತಂಪು ಬೆಳಗಿನಲ್ಲಿ, ಓಡದೆ ಆಡದೆ ನಿಂತಲ್ಲೇ ತೇಕುತ್ತಿದ್ದ.

"ನೋಡಿ, ಪಾಠ ಮಾಡ್ತಿದ್ರೆ ಆಕಳಿಸ್ತದೆ. ಎಷ್ಟು ಅಸಡ್ಡೆ!"

ಆ ಆಕಳಿಕೆ ನಿದ್ದೆಯದ್ದಲ್ಲ. ಒತ್ತಡದಲ್ಲಿರುವ ನಾಯಿ ಆಕಳಿಸುತ್ತದೆ, ಮೂಗು ನೆಕ್ಕುತ್ತದೆ, ಮುಖ ತಿರುಗಿಸುತ್ತದೆ, ಒಣಗಿದ ಮೈಯನ್ನೇ ನೆನೆದಂತೆ ಕೊಡವುತ್ತದೆ. ನಾರ್ವೆಯ ತರಬೇತುದಾರ್ತಿ ತೂರಿದ್ ರೂಗೋಸ್ ಇವನ್ನು 'ಸಮಾಧಾನದ ಸನ್ನೆ'ಗಳು ಅಂತ ಕರೆದು ಹೆಸರಾದರು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಏನೂ ಅರ್ಥವಾಗದು. ಮಲಗಿ ಎದ್ದ ನಾಯಿಯೂ ಆಕಳಿಸುತ್ತೆ, ಉಂಡ ನಾಯಿಯೂ ಬಾಯಿ ನೆಕ್ಕುತ್ತೆ. ಒಟ್ಟೊಟ್ಟಿಗೆ ಬಂದಾಗ, ಯಾವಾಗ ಬಂತು ಅಂತ ನೋಡಬೇಕು. ಕೆಂಚನಿಗೆ ಅವೆಲ್ಲ ಬರುತ್ತಿದ್ದದ್ದು ಒಂದೇ ಮಾತಿಗೆ: ಕೂರು. "ಬಾ" ಅಂದರೆ ಬರುತ್ತಿದ್ದ. "ನಿಲ್ಲು" ಅಂದರೆ ನಿಲ್ಲುತ್ತಿದ್ದ. ಯಜಮಾನಿಕೆಯ ಜಗಳವಾಗಿದ್ದರೆ ಅದೊಂದೇ ಮಾತಿಗೆ ಯಾಕೆ ತಕರಾರು?

ಟ್ರೇನರ್ ಅವನ ಸೊಂಟ ಹಿಡಿದು ಕೆಳಗೆ ಒತ್ತಿದರು. ಅರ್ಧಕ್ಕೆ ಇಳಿದವನು ಒಂದು ಕ್ಷಣ ತಡೆದ. ಆಮೇಲೆ ಎಡ ಹಿಂಗಾಲನ್ನು ಹೊರಗೆ ಚಾಚಿ, ಬಲಗಡೆ ಕುಂಡೆಯ ಮೇಲೆ ಓರೆಯಾಗಿ ಕೂತು ಗುರ್ ಅಂದ. ಸರಪಳಿ ಜಗ್ಗಿತು. ಗುರುಗುಟ್ಟುವುದು ನಿಂತಿತು.

"ಸರಿ ಹೋಯ್ತು ನೋಡಿ" ಅಂದರು.

ನನಗೆ ಹೆದರಿಕೆಯಾದದ್ದು ಆಗ. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ, ದೂರ ಇರು ಅನ್ನುವ ಮಾತು. ಅದನ್ನು ಹೊಡೆದು ನಿಲ್ಲಿಸಿದರೆ ಸಿಟ್ಟೂ ಹೋಗುವುದಿಲ್ಲ, ನೋವೂ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. "ಏನೂ ಸೂಚನೆ ಇಲ್ಲದೆ ಕಚ್ಚಿತು" ಅಂತ ಜನ ಹೇಳುವ ಎಷ್ಟೋ ನಾಯಿಗಳು ಹೀಗೇ ತಯಾರಾದವು. ಅದೂ ಐದು ವರ್ಷದ ಮಗು ಓಡಾಡುವ ಮನೆಯಲ್ಲಿ.

"ಸಾಕು, ಅವನಿಗೆ ಕಾಲು ನೋಯ್ತಿದೆ" ಅಂದೆ. ಭಾವ ನಕ್ಕರು. "ಕುಂಟ್ತಾನೇ ಇಲ್ವಲ್ಲೇ! ಸಂಜೆ ನೋಡು ಹೇಗೆ ತೋಟ ಸುತ್ತಿ ಬರ್ತಾನೆ."

ಆಗ ಬಾಗಿಲಲ್ಲಿ ನಿಂತಿದ್ದ ಅಕ್ಕ ಬಾಯಿಬಿಟ್ಟಳು. "ಗೌರಿ ಹಾಲು ಕರೆಯುವಾಗ ಒದ್ದರೆ ನೀವು ಮೊದಲು ಏನು ಮಾಡ್ತೀರಿ? ಕೆಚ್ಚಲು ಮುಟ್ಟಿ ನೋಡ್ತೀರಿ. ಬಿಸಿ ಇದೆಯಾ, ಗಟ್ಟಿ ಆಗಿದೆಯಾ, ಬಾವು ಬಂತಾ ಅಂತ. ಅದಕ್ಕೆ ಯಾವತ್ತಾದರೂ ಟ್ರೇನರ್ ಕರೆಸಿದ್ದೀರಾ?"

ಟ್ರೇನರ್‌ಗೂ ನಗು ಬಂತು. ಕಾಫಿ ಕುಡಿದು, ಅರ್ಧ ದಿನದ ದುಡ್ಡು ಸಾಕು ಅಂತ ತೆಗೆದುಕೊಂಡು ಹೋದರು.

ಆ ಮಧ್ಯಾಹ್ನ ನಾನು ಬೇರೆ ಏನೂ ಮಾಡಲಿಲ್ಲ, ಸುಮ್ನೆ ಕೆಂಚನನ್ನು ನೋಡುತ್ತಾ ಕೂತೆ. ಕುಂಟುತ್ತಿರಲಿಲ್ಲ, ಭಾವ ಹೇಳಿದ್ದು ನಿಜ. ಆದರೆ ನಿದ್ದೆಯಿಂದ ಎದ್ದ ಮೇಲಿನ ನಾಲ್ಕು ಹೆಜ್ಜೆ ಬಿಗಿಯಾಗಿದ್ದವು, ಐದನೆಯದಕ್ಕೆ ಸಡಿಲವಾದವು. ಜಗಲಿಯ ಮೆಟ್ಟಿಲು ಹತ್ತುವಾಗ ಎರಡೂ ಹಿಂಗಾಲನ್ನು ಒಟ್ಟಿಗೆ ಎತ್ತಿ ಹಾರಿದ. ಉಣ್ಣುವಾಗ ಎಡಗಾಲಿನ ಬೆರಳಷ್ಟೇ ನೆಲ ಮುಟ್ಟಿತ್ತು, ಭಾರವೆಲ್ಲ ಬಲಗಾಲಿಗೂ ಮುಂಗಾಲುಗಳಿಗೂ. ಆಮೇಲೆ ಅವನಾಗಿಯೇ ಪಕ್ಕಕ್ಕೆ ಬಂದು ನಿಂತಾಗ ಎರಡು ತೊಡೆಗೂ ಒಂದೊಂದು ಕೈ ಇಟ್ಟೆ. ಎಡ ತೊಡೆ ತೆಳ್ಳಗಿತ್ತು. ಕಣ್ಣಿಗೆ ಕಾಣದ ವ್ಯತ್ಯಾಸ, ಕೈಗೆ ಚೆನ್ನಾಗಿ ಸಿಕ್ಕಿತು. ಆ ಕಾಲಿನ ಉಗುರುಗಳೂ ಉದ್ದ, ನೆಲಕ್ಕೆ ತಿಕ್ಕಿ ಸವೆಯುವಷ್ಟು ಊರುತ್ತಿರಲಿಲ್ಲವಲ್ಲ. ಮಂಡಿಯ ಮೇಲಿನ ಕೂದಲು ನೆಕ್ಕಿ ನೆಕ್ಕಿ ಮುದ್ದೆಯಾಗಿತ್ತು.

ಎಲ್ಲವನ್ನೂ ಫೋನಿನಲ್ಲಿ ವೀಡಿಯೊ ಮಾಡಿಕೊಂಡೆ. ಏಳುವುದು, ಮೆಟ್ಟಿಲು ಹತ್ತುವುದು, ಕೂರುವುದು, ಪಕ್ಕದಿಂದ ನಡಿಗೆ, ಹಿಂದಿನಿಂದ ನಡಿಗೆ. ಭಾವನಿಗೆ ಅಷ್ಟರಲ್ಲಿ ಕರುಣೆ ಬಂದು, ತಮ್ಮ ಬೆನ್ನುನೋವಿನ ಮಾತ್ರೆಯ ಅರ್ಧ ಕೊಡೋಣವಾ ಅಂತ ಕೇಳಿದರು. ಬೇಡ ಅಂತ ಕೈ ಹಿಡಿದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನಮ್ಮ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಕರುಣೆಯಿಂದಲೇ ಸತ್ತ ನಾಯಿಗಳ ಕಥೆ ನನ್ನ ಹತ್ತಿರ ಇವೆ.

ಮರುದಿನ ಓಮ್ನಿಯ ಹಿಂದಿನ ಸೀಟು ಬಿಚ್ಚಿ, ಕಂಬಳಿ ಹಾಸಿ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಾಡಿಯಿಂದ ಇಳಿದ ಕೆಂಚ ಎಮ್ಮೆ, ಆಡು, ಬೇರೆ ನಾಯಿಗಳ ವಾಸನೆಗೆ ಕಿವಿ ನಿಮಿರಿಸಿ, ನಾಲ್ಕೂ ಕಾಲೂರಿ ರಾಜನಂತೆ ನಡೆದ. ಭಾವ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆಸ್ಪತ್ರೆಯಲ್ಲಿ ಹೀಗೇ ಆಗುತ್ತೆ. ಹೆದರಿಕೆ, ಉದ್ವೇಗ ಸೇರಿ ನೋವನ್ನು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತವೆ. ಮನೆಯಲ್ಲಿ ಕುಂಟುವ ನಾಯಿ ಡಾಕ್ಟರ ಮುಂದೆ ಸರಿಯಾಗಿ ನಡೆಯುತ್ತೆ. ವೀಡಿಯೊ ಇರಬೇಕು ಅನ್ನುವುದು ಇದಕ್ಕೇ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೊದಲು ವೀಡಿಯೊ ನೋಡಿದರು, ಕೂರುವ ಭಾಗವನ್ನು ತಿರುಗಿಸಿ ಮತ್ತೆ ನೋಡಿದರು. "ಮಲೆನಾಡು ನಾಯಿ ಅಲ್ವಾ, ಉಣುಗಿನ ಜ್ವರದಲ್ಲೂ ಕೀಲು ನೋವು ಬರುತ್ತೆ" ಅಂತ ರಕ್ತ ಪರೀಕ್ಷೆಗೆ ತೆಗೆದರು. ಅದು ಆಮೇಲೆ ಇಲ್ಲ ಅಂತ ಬಂತು. ಮುಟ್ಟಿ ನೋಡುವಾಗ ಚೆನ್ನಾಗಿದ್ದ ಬಲಗಾಲಿನಿಂದ ಶುರು ಮಾಡಿದರು, ನೋಯುವ ಕಾಲಿಗೆ ಕೊನೆಗೆ ಬಂದರು. ಎಡ ಮಂಡಿಯ ಒಳಬದಿಗೆ ಬೆರಳು ಬಂದ ಕೂಡಲೇ ಕೆಂಚ ತೇಕುವುದನ್ನು ನಿಲ್ಲಿಸಿ ಬಾಯಿ ಮುಚ್ಚಿದ. ಅಷ್ಟೇ. ಕೂಗಲಿಲ್ಲ, ಕಚ್ಚಲಿಲ್ಲ. "ಇಲ್ಲೇ" ಅಂದರು ಅವರು. ನನ್ನ ಬೆರಳನ್ನೂ ಅಲ್ಲಿಡಿಸಿದರು. ಬಲಮಂಡಿಯಲ್ಲಿ ಇಲ್ಲದ ಒಂದು ಗಟ್ಟಿ ದಪ್ಪ.

ಮಂಪರು ಕೊಟ್ಟು ಮಂಡಿ ಜಗ್ಗಿ ನೋಡಿದರು, ಎಕ್ಸ್‌ರೇ ತೆಗೆದರು. ಮಂಡಿಯೊಳಗೆ ಮೂಳೆಗೆ ಮೂಳೆ ಬಿಗಿದಿಡುವ ನಾರು, ಅಂದರೆ ಅಸ್ಥಿರಜ್ಜು, ಅರ್ಧ ಹರಿದಿದೆ, ಸುತ್ತ ಸಂಧಿವಾತ ಶುರುವಾಗಿದೆ ಅಂದರು. ಫುಟ್‌ಬಾಲ್ ಆಟಗಾರರಿಗೆ ಒಂದೇ ಏಟಿಗೆ ಹರಿಯುವ ರಜ್ಜು ಇದೇ. ನಾಯಿಗಳಲ್ಲಿ ಹೆಚ್ಚಾಗಿ ಅದು ತಿಂಗಳುಗಟ್ಟಲೆ ಎಳೆಎಳೆಯಾಗಿ ಸವೆಯುತ್ತದೆ. ಮಂಡಿ ಪೂರ್ತಿ ಮಡಚಿದರೆ ನೋವು. ಕೂರಬೇಕಾದರೆ ಮಂಡಿ ಪೂರ್ತಿ ಮಡಚಲೇಬೇಕು.

"ಮತ್ತೆ ಗರ್ನಾಲಿಗೆ ಹೆದರೋದು? ಅದಕ್ಕೂ ಮಂಡಿಗೂ ಏನು ಸಂಬಂಧ?" ಅಂತ ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಸದ್ದಿಗೆ ಬೆಚ್ಚಿದಾಗ ಮೈಯೆಲ್ಲ ಬಿಗಿಯುತ್ತೆ. ಆಗ ನೋಯುವ ಕೀಲು ಚುಚ್ಚುತ್ತೆ. ನಾಯಿ ಆ ಚುಚ್ಚಿದ್ದನ್ನು ಸದ್ದಿನ ಲೆಕ್ಕಕ್ಕೇ ಬರೆದುಕೊಳ್ಳುತ್ತೆ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ತಂಡದವರು ಸದ್ದಿಗೆ ಹೆದರುವ 20 ನಾಯಿಗಳನ್ನು ಹೋಲಿಸಿ 2018ರಲ್ಲಿ ಇದನ್ನು ಬರೆದಿದ್ದಾರೆ. ಅವುಗಳಲ್ಲಿ ಹತ್ತಕ್ಕೆ ಕೀಲು, ಮಾಂಸಖಂಡದ ನೋವಿತ್ತು. ಆ ಹತ್ತರಲ್ಲಿ ಸದ್ದಿನ ಭಯ ಶುರುವಾದದ್ದೇ ತಡವಾಗಿ, ದೊಡ್ಡ ವಯಸ್ಸಿನಲ್ಲಿ. ಅದೇ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಜೊತೆಗಾರರು 2020ರಲ್ಲಿ ಇನ್ನೊಂದು ಮಾತು ಹೇಳಿದರು. ವರ್ತನೆ ಸರಿಯಿಲ್ಲ ಅಂತ ತಜ್ಞರ ಹತ್ತಿರ ಬರುವ ಪ್ರಾಣಿಗಳಲ್ಲಿ ಕಡಿಮೆ ಅಂದರೂ ಮೂರರಲ್ಲಿ ಒಂದಕ್ಕೆ ಯಾವುದೋ ನೋವು ಇರುತ್ತದೆ ಅಂತ. ವರ್ಷಗಟ್ಟಲೆ ಗರ್ನಾಲಿನ ಕಡೆಗೇ ಓಡಿದವನು ಏಳನೇ ವರ್ಷದಲ್ಲಿ ಸೌದೆ ಹಿಂದೆ ಅಡಗಿದ್ದಕ್ಕೆ ಅಲ್ಲಿಗೆ ಉತ್ತರ ಸಿಕ್ಕಿತು.

ಮೆಲಾಕ್ಸಿಕಾಮ್ ಅನ್ನುವ ನೋವಿನ ಔಷಧಿ ಬರೆದುಕೊಟ್ಟರು. ನಾಯಿಗೆ ಅಂತಲೇ ತೂಕಕ್ಕೆ ಸರಿಯಾಗಿ ಅಳೆದು, ಊಟದ ಜೊತೆ. ಜಿಗಿತ ಬಂದ್, ಹಗ್ಗ ಹಿಡಿದು ನಿಧಾನ ನಡಿಗೆ ಮಾತ್ರ. ತೂಕ ಇಳಿಸಬೇಕು. ಇದಕ್ಕೆ ಅಕ್ಕನಿಗೆ ಬೇಜಾರಾಯಿತು. ಅವಳ ಮನೆಯಲ್ಲಿ ಯಾರಿಗೂ ಎರಡನೇ ಸಲ ಬಡಿಸದೆ ಬಿಟ್ಟದ್ದಿಲ್ಲ. ಮೂಳೆ ಕತ್ತರಿಸಿ ಪ್ಲೇಟ್ ಕೂರಿಸುವ ಆಪರೇಷನ್ ಇದೆ, ಕೆಲವು ವಾರ ನೋಡಿ ಹೇಳೋಣ ಅಂದರು.

ಮನೆಯ ಕೆಂಪು ಗಾರೆ ನೆಲ ಕಾಲಿಗೆ ಜಾರುತ್ತದೆ ಅಂತ ಅವನು ಓಡಾಡುವ ಕಡೆಯೆಲ್ಲ ತೆಂಗಿನ ನಾರಿನ ಚಾಪೆ ಬಂತು. ಜಗಲಿಗೆ ಭಾವನೇ ಅಡಿಕೆ ದಬ್ಬೆಯ ಇಳಿಜಾರು ಕಟ್ಟಿದರು. ಪುಟ್ಟನಿಗೆ ಒಂದು ಆಟ ಹೇಳಿಕೊಟ್ಟೆ: ಮಲಗಿದ ಕೆಂಚನ ಹತ್ತಿರ ನೀನು ಹೋಗೋ ಹಾಗಿಲ್ಲ, ಕರೀಬೇಕು. ಬಂದರೆ ಕುತ್ತಿಗೆ ಹತ್ತಿರ ಸ್ವಲ್ಪ ಕೆರೆದು ಕೈ ತೆಗಿ. ಮತ್ತೆ ಮೂಗು ತಂದರೆ ಇನ್ನಷ್ಟು ಬೇಕು ಅಂತ. ಮುಖ ತಿರುಗಿಸಿದರೆ ಸಾಕು ಅಂತ. ದೊಡ್ಡವರಿಗಿಂತ ಬೇಗ ಕಲಿತ. "ಚಿಕ್ಕಿ, ಅಪ್ಪ ಕೈ ತೆಗೀಲೇ ಇಲ್ಲ" ಅಂತ ಈಗ ಫೋನಿನಲ್ಲಿ ಚಾಡಿ ಹೇಳುತ್ತಾನೆ.

ಸದ್ದಿನ ಭಯ ಮಾತ್ರ ಮಾತ್ರೆಯ ಜೊತೆ ಹೋಗಲಿಲ್ಲ. ಮಂಡಿ ನೋವು ತಗ್ಗಿದರೂ ತಲೆಯಲ್ಲಿ ಕೂತ ಲೆಕ್ಕ ಉಳಿದಿತ್ತು. ಅದಕ್ಕೊಂದು ಉಪಾಯ ನಡೆಯುತ್ತಿದೆ. ಭಾವ ತೋಟದ ಆಚೆ ತುದಿಗೆ ಹೋಗಿ ಗರ್ನಾಲು ಹಚ್ಚುತ್ತಾರೆ. ದೂರದಿಂದ ಸಣ್ಣಗೆ ಕೇಳುವಷ್ಟು ದೂರ. ಸದ್ದು ಕೇಳಿದ ಮರುಗಳಿಗೆ ಅಕ್ಕ ಒಂದು ಚೂರು ದೋಸೆ ಕೊಡುತ್ತಾಳೆ. ಸದ್ದು ಮೊದಲು, ದೋಸೆ ಆಮೇಲೆ, ಹಿಂದುಮುಂದಾಗಬಾರದು. ಕಿವಿ ಹಿಂದೆ ಹೋದರೆ ಅವತ್ತಿಗೆ ಸಾಕು, ಮುಂದಿನ ಸಲ ಇನ್ನೂ ದೂರ. ಪಕ್ಕದ ಮನೆಯವರು ನಗುತ್ತಾರಂತೆ, ಮಂಗ ಇಲ್ಲದಾಗ ಗರ್ನಾಲು ಹೊಡೆಯೋ ಭಟ್ಟರು ಅಂತ. ಮಂಗ ಇದ್ದಾಗ ಹೊಡೆಯುವುದಂತೂ ನಿಂತಿದೆ. ಬಾಳೆಗೊನೆ ಹೋಗುತ್ತಿದೆ, ಭಾವ ಆ ನಷ್ಟವನ್ನು ನನ್ನ ಹೆಸರಿಗೆ ಬರೆದಿಟ್ಟಿದ್ದಾರೆ.

ಆಪರೇಷನ್ ಮಾತು ಇನ್ನೂ ತೀರ್ಮಾನವಾಗಿಲ್ಲ. ಕೊನೆಕೊಯ್ಲು ಮುಗಿದು ಅಡಿಕೆ ದುಡ್ಡು ಕೈಗೆ ಬರಲಿ ಅನ್ನುತ್ತಾರೆ ಭಾವ, ಬೇಡ ಅನ್ನುತ್ತಿಲ್ಲ. ತೂಕ ಇಳಿದಿದೆ. ತೊಡೆ ಸ್ವಲ್ಪ ತುಂಬಿಕೊಂಡಿದೆ ಅಂತ ಅಕ್ಕ ಹೇಳುತ್ತಾಳೆ, ಅವಳ ಕೈಗೆ ಈಗ ಗೊತ್ತಾಗುತ್ತೆ. ಮೊನ್ನೆ ಕಳಿಸಿದ ವೀಡಿಯೊದಲ್ಲಿ ಅವನು ಕೂತದ್ದು ಇನ್ನೂ ಓರೆಯಾಗಿಯೇ ಇತ್ತು. ಡಾಕ್ಟರಮ್ಮನಿಗೆ ಅದನ್ನು ಕಳಿಸಿದ್ದೇನೆ, ಮುಂದಿನ ವಾರ ಇನ್ನೊಂದು ಎಕ್ಸ್‌ರೇಗೆ ಕರೆದಿದ್ದಾರೆ.