ದರ ಬದಲಿಸುವ ಹಕ್ಕು ಯಾವ ಕ್ಲಾಸಿಗೆ?

ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. 'ಲಾಟ್' ಕ್ಲಾಸಿನಲ್ಲಿ ಬಗೆ (ರಾಶಿ, ಬೆಟ್ಟೆ, ಗೊರಬಲು, ಸರಕು), ತೂಕ, ಕ್ವಿಂಟಲ್ ದರ ಇವೆ. ದರವನ್ನು ಬಿಲ್ಲು, ವರದಿ, ರೈತರಿಗೆ ಹೋಗುವ ಮೆಸೇಜು ಎಲ್ಲವೂ ಓದಬೇಕು. ಬರೆಯಬೇಕಾದ್ದು 'ಟೆಂಡರ್' ಕ್ಲಾಸ್ ಒಂದೇ.

ಸೆಟ್ಟರಿಗೆ (ದರ ಬದಲಿಸುವ ಮೆಥಡ್ಡಿಗೆ) ಕರೆದವರ ಹೆಸರನ್ನೂ ಕಳಿಸಿ ಒಳಗೊಂದು 'ಇಫ್' ಹಾಕೋಣ ಅಂತ ಮೊದಲು ಅನ್ನಿಸುತ್ತದೆ. ಬೇಡ. 'ಟೆಂಡರ್' ಎಂಬ ಸ್ಟ್ರಿಂಗನ್ನು ಯಾರು ಬೇಕಾದರೂ ಕಳಿಸಬಹುದು. ಯಾರು ಯಾರನ್ನು ಕರೆದರು ಎಂಬ ಪಟ್ಟಿಯನ್ನು, ಅಂದರೆ ಸ್ಟ್ಯಾಕ್ ಟ್ರೇಸನ್ನು, ತಡಕುವುದಂತೂ ಇನ್ನೂ ಕೆಟ್ಟದ್ದು. ಅದು ನಿಧಾನ; ರಿಲೀಸ್ ಬಿಲ್ಡಿನಲ್ಲಿ ಮೆಥಡ್ ಇನ್‌ಲೈನ್ ಆದರೆ (ಕರೆದ ಜಾಗದಲ್ಲೇ ಅದರ ಕೋಡ್ ಬೆರೆತುಹೋದರೆ) ಕರೆದವರ ಹೆಸರೇ ಸಿಗದೆ ಹೋಗಬಹುದು. ಈ ಕಾವಲು ಕಂಪೈಲರಿನ ಕೆಲಸ.

ಸಿ ಶಾರ್ಪ್‌ನಲ್ಲಿ 'ಪ್ರೈವೇಟ್ ಸೆಟ್' ಅಂದರೆ ಲಾಟ್ ಕ್ಲಾಸಿಗೆ ಮಾತ್ರ, 'ಇಂಟರ್ನಲ್ ಸೆಟ್' ಅಂದರೆ ಇಡೀ ಅಸೆಂಬ್ಲಿಗೆ (ಒಟ್ಟಿಗೆ ಕಂಪೈಲ್ ಆಗುವ ಕೋಡಿಗೆಲ್ಲ). ನಡುವಿನದು ಬೇಕಿದ್ದರೆ ಟೆಂಡರನ್ನು ಲಾಟ್ ಒಳಗಿನ ನೆಸ್ಟೆಡ್ ಕ್ಲಾಸ್ ಮಾಡಿ, ಒಳಗಿನದಕ್ಕೆ ಹೊರಗಿನದರ ಪ್ರೈವೇಟ್ ಎಟುಕುತ್ತದೆ. ಜಾವಾದಲ್ಲಿ ಎರಡನ್ನೂ ಒಂದೇ ಪ್ಯಾಕೇಜಿನಲ್ಲಿಟ್ಟು ಸೆಟ್ಟರಿನ ಮುಂದೆ ಏನೂ ಬರೆಯದೆ ಬಿಡಿ. 'ಪ್ರೊಟೆಕ್ಟೆಡ್' ಹಾಕಿದರೆ ಬಿಗಿಯಾಗುವುದಿಲ್ಲ, ಸಡಿಲವಾಗುತ್ತದೆ: ಪ್ಯಾಕೇಜಿನ ಜೊತೆಗೆ ಸಬ್‌ಕ್ಲಾಸುಗಳಿಗೂ ದಾರಿ ಸಿಗುತ್ತದೆ.

ಸಿ ಪ್ಲಸ್ ಪ್ಲಸ್‌ನಲ್ಲಿ ತನ್ನ ಪ್ರೈವೇಟನ್ನು ಇನ್ನೊಂದು ಕ್ಲಾಸಿಗೆ ತೆರೆದುಕೊಡುವ 'ಫ್ರೆಂಡ್' ಇದೆ, ಆದರೆ ಲಾಟಿನ ಫ್ರೆಂಡ್ ಆದವನಿಗೆ ದರವಷ್ಟೇ ಅಲ್ಲ, ತೂಕವೂ ಕೈಗೆ ಸಿಗುತ್ತದೆ. ನನಗೆ ಒಪ್ಪುವುದು ಪಾಸ್‌ಕೀ ಪದ್ಧತಿ. 'ದರಕೀ' ಎಂಬ ಖಾಲಿ ಕ್ಲಾಸ್ ಮಾಡಿ, ಅದರ ಕನ್‌ಸ್ಟ್ರಕ್ಟರ್ ಪ್ರೈವೇಟ್ ಇರಲಿ, ಟೆಂಡರ್ ಅದಕ್ಕೆ ಮಾತ್ರ ಫ್ರೆಂಡ್. ಲಾಟಿನ ಸೆಟ್ಟರ್ ಪಬ್ಲಿಕ್ಕೇ ಇರಲಿ, ಮೊದಲ ಪ್ಯಾರಾಮೀಟರಾಗಿ ದರಕೀ ಕೇಳಲಿ. ಕೀ ಹುಟ್ಟಿಸಲಾಗದವರ ಕೋಡ್ ಕಂಪೈಲ್ ಆಗುವುದಿಲ್ಲ. ಒಂದು ಸಣ್ಣ ತೂತಿದೆ: ಕನ್‌ಸ್ಟ್ರಕ್ಟರಿಗೆ '= ಡಿಫಾಲ್ಟ್' ಬರೆದರೆ ಸಿ ಪ್ಲಸ್ ಪ್ಲಸ್ 17ರಲ್ಲಿ ಆ ಕ್ಲಾಸ್ ಅಗ್ರಿಗೇಟ್ (ಕನ್‌ಸ್ಟ್ರಕ್ಟರ್ ಕರೆಯದೆಯೇ ಹುಟ್ಟಿಸಬಹುದಾದದ್ದು) ಎನಿಸಿಕೊಳ್ಳುತ್ತದೆ, ಬರೀ '{}' ಕೊಟ್ಟವರೂ ಒಳಗೆ ನುಗ್ಗುತ್ತಾರೆ. ಖಾಲಿ ಬಾಡಿ ಬರೆಯಿರಿ. 20ರಲ್ಲಿ ಇದನ್ನು ಸರಿಪಡಿಸಿದ್ದಾರೆ.

ಪೈಥಾನಿನಲ್ಲಿ ಹೆಸರಿನ ಮುಂದಿನ ಅಂಡರ್‌ಸ್ಕೋರ್ 'ಮುಟ್ಟಬೇಡಿ' ಎಂಬ ಬರೀ ವಿನಂತಿ. ರಿಫ್ಲೆಕ್ಷನ್ (ಪ್ರೋಗ್ರಾಂ ಓಡುವಾಗ ಕ್ಲಾಸಿನ ಒಳಗನ್ನು ಕೆದಕುವ ಸೌಲಭ್ಯ) ಇರುವ ಭಾಷೆಗಳಲ್ಲೂ ಹಟ ಹಿಡಿದವರನ್ನು ತಡೆಯಲಾಗದು. ಇದೆಲ್ಲ ಕಣ್ತಪ್ಪಿಗೆ ಬೇಲಿ, ಕಳ್ಳರಿಗಲ್ಲ.

ಬಹಳ ಜನ ಮರೆಯುವುದು ಲಿಸ್ಟನ್ನು. ಸಿ ಶಾರ್ಪ್‌ನಲ್ಲಿ ಬಿಡ್‌ಗಳ ಲಿಸ್ಟಿಗೆ 'ಪ್ರೈವೇಟ್ ಸೆಟ್' ಹಾಕಿದರೂ ಹೊರಗಿನವರು 'ಆ್ಯಡ್' ಕರೆದು ಹೊಸ ಬಿಡ್ ತುರುಕಬಹುದು. 'ಐ-ರೀಡ್‌ಓನ್ಲಿ-ಲಿಸ್ಟ್' ಎಂದು ಕೊಟ್ಟರೂ ಮತ್ತೆ ಲಿಸ್ಟಿಗೆ ಕಾಸ್ಟ್ ಮಾಡಿಕೊಳ್ಳಬಹುದು. 'ಆ್ಯಸ್-ರೀಡ್‌ಓನ್ಲಿ' ಕರೆದು ಬಂದದ್ದನ್ನು ಕೊಡಿ.